ಅಂಗಡಿಗಳಿಲ್ಲದ ಅಂಗಡಿಪಟ್ಟಣ: ಓಹಿಯೊದ ಎರಡು ಮಾಲ್‌ಗಳು ಬರಿದಾದ ಬಗೆ

ಎಸ್ಕಲೇಟರಿನ ಮೆಟ್ಟಿಲುಗಳ ಮೇಲೆ ಹಿಮ ಬಿದ್ದಿದೆ. ಮೇಲ್ಛಾವಣಿಯ ಗಾಜು ಒಡೆದುಹೋಗಿ ಆಕಾಶವೇ ಒಳಗಿಳಿದಂತಿದೆ. ಎರಡೂ ಬದಿಗೆ ಸಾಲುಸಾಲಾಗಿ ಮಳಿಗೆಗಳು. ಒಂದರಲ್ಲೂ ಸರಕಿಲ್ಲ, ದೀಪವಿಲ್ಲ, ಮನುಷ್ಯರಿಲ್ಲ. ಅಮೆರಿಕದ ಓಹಿಯೊ ರಾಜ್ಯದ ಆ್ಯಕ್ರನ್ ನಗರದಲ್ಲಿದ್ದ ‘ರೋಲಿಂಗ್ ಏಕರ್ಸ್’ ಎಂಬ ಮಾಲ್‌ನ ಇಂತಹ ಛಾಯಾಚಿತ್ರಗಳು 2010ರ ದಶಕದಲ್ಲಿ ಅಂತರ್ಜಾಲದ ಮೂಲಕ ಜಗತ್ತನ್ನೆಲ್ಲ ಸುತ್ತಿದವು. ಯುದ್ಧವಾಗಲೀ ಭೂಕಂಪವಾಗಲೀ ಆಗದ ಊರಿನಲ್ಲಿ ಲಕ್ಷಾಂತರ ಚದರ ಅಡಿಯ ಕಟ್ಟಡವೊಂದು ಹೀಗೆ ಅನಾಥವಾಗಿ ನಿಂತಿದ್ದಾದರೂ ಏಕೆ ಎಂಬುದು ಅವನ್ನು ನೋಡಿದವರೆಲ್ಲರ ಪ್ರಶ್ನೆಯಾಗಿತ್ತು.

ಪಾಳುಬಿದ್ದ ಅಥವಾ ಪಾಳುಬೀಳುತ್ತಿರುವ ಮಾಲ್‌ಗಳನ್ನು ಹುಡುಕಿಕೊಂಡು ಹೋಗಿ ನೋಡುವುದು, ಚಿತ್ರ ತೆಗೆಯುವುದು ಅಮೆರಿಕದಲ್ಲಿ ಒಂದು ಹವ್ಯಾಸವಾಗಿಯೇ ಬೆಳೆದಿದೆ. ಅವುಗಳಿಗೆ ಅಲ್ಲಿನವರು ಇಟ್ಟಿರುವ ಹೆಸರು ‘ಸತ್ತ ಮಾಲ್’. ಈ ಹವ್ಯಾಸಿಗಳಿಗೆ ತಮ್ಮದೇ ಆದ ಪರಿಭಾಷೆಯೂ ಇದೆ. ಅಂಗಡಿಯ ಬೋರ್ಡನ್ನು ಕಿತ್ತ ಮೇಲೂ ಗೋಡೆಯ ಮೇಲೆ ಅಕ್ಷರಗಳ ಆಕಾರ ಮಾಸಲಾಗಿ ಉಳಿದಿರುತ್ತದಲ್ಲ, ಅದನ್ನು ಅವರು ‘ಹೆಸರಿನ ಗಾಯ’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಹತ್ತು ವರ್ಷದ ಹಿಂದೆ ಮುಚ್ಚಿದ ಅಂಗಡಿ ಯಾವುದೆಂದು ಆ ಕಲೆಯನ್ನು ನೋಡಿಯೇ ಹೇಳಬಲ್ಲವರಿದ್ದಾರೆ.

ಬೀಗ ಹಾಕಿದ ಮಾಲ್‌ನೊಳಗೆ ಒಪ್ಪಿಗೆಯಿಲ್ಲದೆ ನುಗ್ಗುವುದು ಅಲ್ಲಿಯೂ ಅಪರಾಧವೇ. ಸೋರುವ ಛಾವಣಿ, ಗೋಡೆ ತುಂಬಿದ ಬೂಷ್ಟು, ಕುಸಿಯಲು ಸಿದ್ಧವಾದ ನೆಲ, ಇವೆಲ್ಲ ಇದ್ದೇ ಇರುತ್ತವೆ. ಹವ್ಯಾಸಿಗಳಿಗಿಂತ ಮೊದಲು ಒಳಹೊಕ್ಕವರು ಸಾಮಾನ್ಯವಾಗಿ ತಾಮ್ರದ ತಂತಿ ಕದಿಯುವವರಾಗಿರುತ್ತಾರೆ.

ಆದರೆ ಹವ್ಯಾಸಿಗಳನ್ನು ಹೆಚ್ಚು ಸೆಳೆಯುವುದು ಪೂರ್ತಿ ಮುಚ್ಚಿದ ಮಾಲ್ ಅಲ್ಲ, ಮುಚ್ಚುವ ಹಂತದಲ್ಲಿರುವ ಮಾಲ್. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ನೂರು ಮಳಿಗೆಗಳ ಜಾಗದಲ್ಲಿ ಏಳೆಂಟು ತೆರೆದಿರುತ್ತವೆ: ಒಂದು ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ಒಂದು ಕೈಗಡಿಯಾರ ರಿಪೇರಿ, ಸೈನ್ಯಕ್ಕೆ ಜನ ಸೇರಿಸಿಕೊಳ್ಳುವ ಕಚೇರಿ. ನೀರಿಲ್ಲದ ಕಾರಂಜಿಯ ಸುತ್ತ ಪ್ಲಾಸ್ಟಿಕ್ ಗಿಡಗಳು. ಮೇಲಿನಿಂದ ಮಾತ್ರ ಹಿನ್ನೆಲೆ ಸಂಗೀತ ಎಂದಿನಂತೆ ತೇಲಿಬರುತ್ತಿರುತ್ತದೆ. ಬೆಳಿಗ್ಗೆ ಹೊತ್ತು ನಡೆದಾಡಲು ಬರುವ ವೃದ್ಧರೇ ಅಲ್ಲಿನ ಖಾಯಂ ಗಿರಾಕಿಗಳು. ಅವರು ಏನನ್ನೂ ಕೊಳ್ಳುವುದಿಲ್ಲ. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೋಗಿಬಂದ ಕರ್ನಾಟಕದ ಎಷ್ಟೋ ಹಿರಿಯರಿಗೆ ಚಳಿಗಾಲದ ಈ ಮಾಲ್ ನಡಿಗೆ ಪರಿಚಿತವೇ.

ಇವೆಲ್ಲವನ್ನೂ ಕೊಂದದ್ದು ಅಮೆಜಾನ್ ಎಂಬುದು ಸಿದ್ಧ ಉತ್ತರ. ಜನ ಮನೆಯಲ್ಲೇ ಕುಳಿತು ಸಾಮಾನು ತರಿಸತೊಡಗಿದರು, ಮಾಲ್ ಮುಚ್ಚಿತು ಎಂಬ ಕಥೆ ಕೇಳಲು ಸರಳವಾಗಿದೆ. ಓಹಿಯೊದ ವಿಷಯದಲ್ಲಿ ಅದಕ್ಕೊಂದು ಸಾಕ್ಷಿಯೂ ಇದ್ದಂತೆ ತೋರುತ್ತದೆ. ರೋಲಿಂಗ್ ಏಕರ್ಸ್ ಇದ್ದ ಜಾಗದಲ್ಲಿ ಈಗ ನಿಂತಿರುವುದು ಅಮೆಜಾನ್ ಗೋದಾಮು. ಅಲ್ಲಿಂದ ಒಂದು ಗಂಟೆಗೂ ಕಡಿಮೆ ದಾರಿಯಲ್ಲಿ, ಕ್ಲೀವ್‌ಲ್ಯಾಂಡಿನ ಅಂಚಿನಲ್ಲಿದ್ದ ‘ರ್‍ಯಾಂಡಲ್ ಪಾರ್ಕ್’ ಮಾಲ್‌ನ ಜಾಗದಲ್ಲಿಯೂ ಅಮೆಜಾನ್ ಗೋದಾಮೇ ಇದೆ. ಕೊಂದವನೇ ಆಸ್ತಿಗೂ ವಾರಸುದಾರನಾದ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಇಸವಿಗಳನ್ನು ನೋಡಿದರೆ ಮಾತ್ರ ಈ ಕಥೆ ನಿಲ್ಲುವುದಿಲ್ಲ. ರೋಲಿಂಗ್ ಏಕರ್ಸ್ ಬಾಗಿಲು ಮುಚ್ಚಿದ್ದು 2008ರ ಅಕ್ಟೋಬರಿನಲ್ಲಿ, ರ್‍ಯಾಂಡಲ್ ಪಾರ್ಕ್ 2009ರಲ್ಲಿ. ಆ ಹೊತ್ತಿಗೆ ಅಮೆರಿಕದ ಚಿಲ್ಲರೆ ವ್ಯಾಪಾರದಲ್ಲಿ ಅಂತರ್ಜಾಲದ ಪಾಲು ನೂರು ಡಾಲರಿಗೆ ನಾಲ್ಕು ಡಾಲರನ್ನೂ ಮುಟ್ಟಿರಲಿಲ್ಲ. ಎರಡೂ ಮಾಲ್‌ಗಳು ಅದಕ್ಕೂ ಹತ್ತು ವರ್ಷ ಮೊದಲೇ ಹಾಸಿಗೆ ಹಿಡಿದಿದ್ದವು. ಅವುಗಳ ಕಾಯಿಲೆ ಬೇರೆಯದೇ ಆಗಿತ್ತು, ಅದು ಹುಟ್ಟಿನಿಂದಲೇ ಬಂದದ್ದಾಗಿತ್ತು.

ಹಳ್ಳಿಗಿಂತ ದೊಡ್ಡ ಮಾಲ್

ನಾರ್ತ್ ರ್‍ಯಾಂಡಲ್ ಎಂಬುದು ಕ್ಲೀವ್‌ಲ್ಯಾಂಡ್ ನಗರಕ್ಕೆ ತಾಗಿಕೊಂಡಿರುವ ಪುಟ್ಟ ಗ್ರಾಮ. 2010ರ ಜನಗಣತಿಯಲ್ಲಿ ಅದರ ಜನಸಂಖ್ಯೆ 1,027. ನಮ್ಮ ಕಡೆ ಒಂದು ಗ್ರಾಮ ಪಂಚಾಯಿತಿಯ ಸದಸ್ಯ ಕ್ಷೇತ್ರಗಳು ಎರಡೋ ಮೂರೋ ಸೇರಿದಷ್ಟು ಜನ. ಅಲ್ಲಿದ್ದ ಹಳೆಯ ಕುದುರೆ ಪಂದ್ಯದ ಮೈದಾನದ ಜಾಗದಲ್ಲಿ, 1976ರ ಆಗಸ್ಟಿನಲ್ಲಿ 22 ಲಕ್ಷ ಚದರ ಅಡಿಯ ಮಾಲ್ ತೆರೆಯಿತು. ಆಗ ಅದಕ್ಕೆ ‘ಜಗತ್ತಿನ ಅತಿ ದೊಡ್ಡ ಶಾಪಿಂಗ್ ಕೇಂದ್ರ’ ಎಂಬ ಪ್ರಚಾರವಿತ್ತು. ಐದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳು, ಅವುಗಳ ನಡುವೆ ನೂರಾರು ಸಣ್ಣ ಮಳಿಗೆಗಳು. ಕಟ್ಟಿದಾತ ಯಂಗ್ಸ್‌ಟೌನಿನ ಎಡ್ವರ್ಡ್ ಡಿಬಾರ್ಟೊಲೊ. ಅಮೆರಿಕದ ಮಾಲ್ ನಿರ್ಮಾಪಕರಲ್ಲಿ ಈತ ಅಗ್ರಗಣ್ಯ. ಕುದುರೆ ಪಂದ್ಯದ ಮೈದಾನಗಳಿಗೂ ಒಡೆಯ.

ಇದರ ಹಿಂದಿನ ವರ್ಷ, 1975ರ ಆಗಸ್ಟಿನಲ್ಲಿ, ಆ್ಯಕ್ರನ್ನಿನ ನೈಋತ್ಯ ಅಂಚಿನಲ್ಲಿ ರೋಲಿಂಗ್ ಏಕರ್ಸ್ ತೆರೆದಿತ್ತು. ಆ್ಯಕ್ರನ್ ಎಂದರೆ ಟೈರುಗಳ ರಾಜಧಾನಿ. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್, ಜನರಲ್ ಟೈರ್ ನಾಲ್ಕೂ ಕಂಪನಿಗಳ ಮನೆ ಅಲ್ಲಿತ್ತು. ಕಾರ್ಖಾನೆಯ ಕೆಲಸಗಾರನ ಕುಟುಂಬ ಶನಿವಾರ ಸಂಜೆ ಕಾರು ಹತ್ತಿ ಹೋಗುವ ಜಾಗ ರೋಲಿಂಗ್ ಏಕರ್ಸ್ ಆಯಿತು. ಹದಿನಾರರ ಹುಡುಗಿಯ ಮೊದಲ ಸಂಬಳ, ಕ್ರಿಸ್‌ಮಸ್ ತಾತನ ತೊಡೆಯ ಮೇಲೆ ಕುಳಿತ ಮಗುವಿನ ಫೋಟೊ, ಶಾಲೆಯ ಗೆಳೆಯರೊಡನೆ ನೋಡಿದ ಸಿನಿಮಾ, ಇವೆಲ್ಲವೂ ಒಂದೇ ಛಾವಣಿಯಡಿ. ಎರಡು ತಲೆಮಾರಿನವರಿಗೆ ‘ಊರು’ ಎಂದರೆ ನೆನಪಾಗುವುದು ಈ ಒಳಾಂಗಣವೇ.

ಆ ನೆನಪಿನ ಇನ್ನೊಂದು ಮುಖವನ್ನೂ ಹೇಳಬೇಕು. ಮಾಲ್ ಬರುವ ಮೊದಲು ಆ್ಯಕ್ರನ್ನಿನವರು ಹೋಗುತ್ತಿದ್ದುದು ಪೇಟೆಗೆ. ಅಲ್ಲಿನ ಮೇನ್ ಸ್ಟ್ರೀಟ್‌ನಲ್ಲಿ ಓನೀಲ್ಸ್ ಮತ್ತು ಪೋಲ್‌ಸ್ಕೀಸ್ ಎಂಬ ಎರಡು ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರುಗಳು ಎದುರುಬದುರಾಗಿ ನಿಂತಿದ್ದವು. ಪೋಲ್‌ಸ್ಕೀಸ್ 1970ರ ದಶಕದ ಕೊನೆಗೆ ಮುಚ್ಚಿತು. ಓನೀಲ್ಸ್ ತಾನೇ ಮಾಲ್‌ನಲ್ಲಿ ಶಾಖೆ ತೆರೆದು, ಪೇಟೆಯ ಮೂಲ ಅಂಗಡಿಗೆ 1989ರಲ್ಲಿ ಬೀಗ ಹಾಕಿತು. ಇಂದು ಮಾಲ್‌ಗಾಗಿ ಮರುಗುವವರ ಅಪ್ಪ ಅಮ್ಮಂದಿರು ಅಂದು ಪೇಟೆಗಾಗಿ ಮರುಗಿದ್ದರು.

ವಿಕ್ಟರ್ ಗ್ರೂಯನ್ ಕಂಡ ಕನಸು

ಮುಚ್ಚಿದ ಛಾವಣಿಯ, ಹವಾನಿಯಂತ್ರಿತ ಮಾಲ್ ಎಂಬ ಕಲ್ಪನೆ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯನ್‌ನದು. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈ ಯಹೂದಿ, ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಹಿಡಿದ 1938ರಲ್ಲಿ ಅಮೆರಿಕಕ್ಕೆ ಓಡಿಬಂದ. ಅಲ್ಲಿನ ಉಪನಗರಗಳನ್ನು ಕಂಡು ಬೇಸರಪಟ್ಟ. ಎಲ್ಲಿ ನೋಡಿದರೂ ಮನೆ, ರಸ್ತೆ, ಕಾರು. ಜನ ಕೂಡಿ ಕುಳಿತುಕೊಳ್ಳಲು ಒಂದು ಚೌಕವಿಲ್ಲ, ನಡೆದಾಡಲು ಬೀದಿಯಿಲ್ಲ. ವಿಯೆನ್ನಾದ ಪೇಟೆಯನ್ನು ಒಂದು ಛಾವಣಿಯಡಿ ಮತ್ತೆ ಕಟ್ಟಿಕೊಡುವುದು ಅವನ ಆಸೆಯಾಗಿತ್ತು.

ಮಿನೆಸೋಟ ರಾಜ್ಯದ ಇಡೈನಾದಲ್ಲಿ 1956ರ ಅಕ್ಟೋಬರ್ 8ರಂದು ಅವನ ‘ಸೌತ್‌ಡೇಲ್’ ತೆರೆಯಿತು. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ವರ್ಷವಿಡೀ 24 ಡಿಗ್ರಿ ಸೆಲ್ಸಿಯಸ್. ನಡುವಿನ ಅಂಗಳದಲ್ಲಿ ಗಿಡಮರ, ಪಂಜರದಲ್ಲಿ ಹಕ್ಕಿಗಳು. ಗ್ರೂಯನ್‌ನ ನಕ್ಷೆ ಅಷ್ಟಕ್ಕೇ ನಿಂತಿರಲಿಲ್ಲ. ಸುಮಾರು 460 ಎಕರೆಯಲ್ಲಿ ಮನೆಗಳು, ಶಾಲೆ, ಆಸ್ಪತ್ರೆ, ಕೆರೆ, ಉದ್ಯಾನ ಎಲ್ಲವೂ ಇರಬೇಕಿತ್ತು. ಮಾಲ್ ಅದರ ನಡುವಿನ ಪೇಟೆಯಷ್ಟೇ. ಕಟ್ಟಿದ್ದು ಪೇಟೆಯನ್ನು ಮಾತ್ರ. ಸುತ್ತಲಿನ ಜಾಗವನ್ನು ನುಂಗಿದ್ದು ಪಾರ್ಕಿಂಗ್.

ಸಾವಿರಾರು ಮಾಲ್‌ಗಳು ಇದೇ ಮಾದರಿಯಲ್ಲಿ ಎದ್ದವು. ಅವನ್ನೆಲ್ಲ ಕಂಡು ರೋಸಿಹೋದ ಗ್ರೂಯನ್ 1968ರಲ್ಲಿ ವಿಯೆನ್ನಾಕ್ಕೆ ಮರಳಿದ. ಈ ಅನೈತಿಕ ಕೂಸುಗಳಿಗೆ ತಾನು ಜೀವನಾಂಶ ಕೊಡಲಾರೆ ಎಂಬರ್ಥದಲ್ಲಿ 1978ರಲ್ಲಿ ಕಟುವಾಗಿಯೇ ಮಾತನಾಡಿದ. ದೈವದ ಕುಹಕವೆಂದರೆ, ಅದಕ್ಕೆ ಎರಡು ವರ್ಷ ಮೊದಲು ವಿಯೆನ್ನಾದ ಅಂಚಿನಲ್ಲಿಯೇ ಅಮೆರಿಕದ ಮಾದರಿಯ ಬೃಹತ್ ಶಾಪಿಂಗ್ ಕೇಂದ್ರವೊಂದು ತಲೆ ಎತ್ತಿತ್ತು. 1980ರಲ್ಲಿ ಗ್ರೂಯನ್ ತೀರಿಕೊಂಡ.

ಆದರೆ ಮಾಲ್‌ಗಳು ಇಷ್ಟೊಂದು ಬೆಳೆಯಲು ಕಾರಣ ಗ್ರೂಯನ್‌ನ ಕನಸೂ ಅಲ್ಲ, ಕೇವಲ ಗಿರಾಕಿಗಳ ಬೇಡಿಕೆಯೂ ಅಲ್ಲ. 1954ರ ತೆರಿಗೆ ಕಾಯ್ದೆಯ ಒಂದು ನಿಯಮ ಅದಕ್ಕೆ ಗೊಬ್ಬರ ಹಾಕಿತು. ಕಟ್ಟಡ ವರ್ಷವರ್ಷಕ್ಕೆ ಸವೆಯುತ್ತದೆ, ಆ ಸವಕಳಿಯ ಮೊತ್ತವನ್ನು ಮಾಲೀಕ ತನ್ನ ತೆರಿಗೆಯ ಆದಾಯದಲ್ಲಿ ಕಳೆದುಕೊಳ್ಳಬಹುದು ಎಂಬುದು ಎಲ್ಲ ಕಡೆ ಇರುವ ಪದ್ಧತಿ. ಅಮೆರಿಕ ಸರ್ಕಾರ ಅದರ ದೊಡ್ಡ ಪಾಲನ್ನು ಮೊದಲ ಕೆಲವೇ ವರ್ಷಗಳಲ್ಲಿ ಕಳೆದುಕೊಳ್ಳಲು ಬಿಟ್ಟಿತು. ಹೊಸ ಕಟ್ಟಡ ಕಟ್ಟಿದವನಿಗೆ ಲೆಕ್ಕದ ಪುಸ್ತಕದಲ್ಲಿ ನಷ್ಟ, ಕೈಯಲ್ಲಿ ನಗದು. ಆ ಸೌಲಭ್ಯ ತೀರುತ್ತಲೇ ಮಾರಿ, ಮತ್ತೊಂದು ಕಡೆ ಮತ್ತೊಂದನ್ನು ಕಟ್ಟುವುದು ಜಾಣತನವಾಯಿತು. ಸವಕಳಿಯ ಲೆಕ್ಕ ಕಟ್ಟಡಕ್ಕೆ ಮಾತ್ರ, ಭೂಮಿಗಿಲ್ಲ. ಹಾಗಾಗಿ ದುಬಾರಿ ಭೂಮಿಯ ಪೇಟೆಗಿಂತ ಅಗ್ಗದ ಭೂಮಿಯ ಊರಾಚೆಯೇ ಲಾಭ. ಹಳೆಯ ಪೇಟೆಯ ಅಂಗಡಿಯನ್ನು ದುರಸ್ತಿ ಮಾಡಿಸಿದವನಿಗೆ ಇಂತಹ ಸೌಲಭ್ಯವಿರಲಿಲ್ಲ.

ಪರಿಣಾಮ ಊಹಿಸುವುದು ಕಷ್ಟವಲ್ಲ. 1970ರಿಂದೀಚೆಗಿನ ನಾಲ್ಕೂವರೆ ದಶಕಗಳಲ್ಲಿ ಅಮೆರಿಕದ ಮಾಲ್‌ಗಳ ಸಂಖ್ಯೆ ಜನಸಂಖ್ಯೆಯ ಎರಡರಷ್ಟು ವೇಗದಲ್ಲಿ ಬೆಳೆಯಿತು. ಕೊನೆಗೆ ತಲೆಗೆ ಸುಮಾರು 23 ಚದರ ಅಡಿಯ ಅಂಗಡಿ ಜಾಗವಾಯಿತು; ಅಷ್ಟೇ ಶ್ರೀಮಂತ ದೇಶವಾದ ಆಸ್ಟ್ರೇಲಿಯಾದಲ್ಲಿ ಅದರ ಅರ್ಧದಷ್ಟೂ ಇಲ್ಲ.

ಜನರೇ ಕಡಿಮೆಯಾಗುತ್ತಿದ್ದ ಊರುಗಳಲ್ಲಿ ಈ ಲೆಕ್ಕ ಇನ್ನೂ ಬೇಗ ತಪ್ಪಿತು. ಕ್ಲೀವ್‌ಲ್ಯಾಂಡಿನ ಜನಸಂಖ್ಯೆ 1950ರಲ್ಲಿ 9,14,808 ಇದ್ದುದು 2010ರಲ್ಲಿ 3,96,815ಕ್ಕೆ ಇಳಿಯಿತು. ಆ್ಯಕ್ರನ್ 1960ರಲ್ಲಿ 2,90,351 ಜನರ ನಗರ, 2000ದಲ್ಲಿ 2,17,074. ಟೈರು ತಯಾರಿಕೆ ಆ ಊರನ್ನು ಬಿಟ್ಟುಹೋಯಿತು, ಫೈರ್‌ಸ್ಟೋನ್ 1988ರಲ್ಲಿ ಜಪಾನಿನ ಬ್ರಿಜ್‌ಸ್ಟೋನ್ ಪಾಲಾಯಿತು. ಉಳ್ಳವರು, ಅದರಲ್ಲಿ ಹೆಚ್ಚಿನವರು ಬಿಳಿಯರು, ಇನ್ನೂ ದೂರದ ಉಪನಗರಗಳಿಗೆ ಸರಿದರು. ರ್‍ಯಾಂಡಲ್ ಪಾರ್ಕ್ ತೆರೆದ ಎರಡೇ ವರ್ಷಕ್ಕೆ, 1978ರಲ್ಲಿ, ಹತ್ತಿರದ ಸಿರಿವಂತ ಉಪನಗರ ಬೀಚ್‌ವುಡ್‌ನಲ್ಲಿ ಬೇರೊಂದು ಮಾಲ್ ಎದ್ದಿತು. ಅದು ಇಂದಿಗೂ ನಡೆಯುತ್ತಿದೆ. ಅಂದರೆ ಎಲ್ಲ ಮಾಲ್‌ಗಳೂ ಸಾಯಲಿಲ್ಲ. ಯಾರ ನೆರೆಯಲ್ಲಿ ಹಣ ಉಳಿಯಿತೋ ಅವು ಉಳಿದವು.

ಕರಾರಿನೊಳಗಿನ ಗಂಟು

ಗಿರಾಕಿಗಳು ಕಡಿಮೆಯಾದರೆ ಯಾವ ಪೇಟೆಯೂ ಸೊರಗುತ್ತದೆ. ಆದರೆ ಮಾಲ್ ಸೊರಗುವುದಿಲ್ಲ, ಕುಸಿಯುತ್ತದೆ. ಇದರ ಗುಟ್ಟು ಬಾಡಿಗೆ ಕರಾರುಗಳಲ್ಲಿದೆ.

ಪ್ರತಿ ಮಾಲ್‌ನ ತುದಿಗಳಲ್ಲಿ ಒಂದೊಂದು ದೊಡ್ಡ ಅಂಗಡಿ ಇರುತ್ತದೆ. ಆ ಉದ್ಯಮದವರು ಇದನ್ನು ‘ಆ್ಯಂಕರ್’ ಎನ್ನುತ್ತಾರೆ, ಹಡಗಿನ ಲಂಗರು ಎಂಬರ್ಥದಲ್ಲಿ. ಜನ ಮಾಲ್‌ಗೆ ಬರುವುದು ಈ ದೊಡ್ಡ ಅಂಗಡಿಯ ಹೆಸರು ನೋಡಿ. ಹೀಗಾಗಿ ಮಾಲೀಕ ಅದಕ್ಕೆ ತೀರ ಕಡಿಮೆ ಬಾಡಿಗೆಗೆ ಜಾಗ ಕೊಡುತ್ತಾನೆ. ಎಷ್ಟೋ ಕಡೆ ಆ ಕಟ್ಟಡದ ಒಡೆತನವೂ ಆ್ಯಂಕರ್ ಕಂಪನಿಯದೇ. ಮಾಲೀಕನ ಸಂಪಾದನೆ ಬರುವುದು ಎರಡು ಆ್ಯಂಕರ್‌ಗಳ ನಡುವಿನ ಹಾದಿಯಲ್ಲಿರುವ ಸಣ್ಣ ಮಳಿಗೆಗಳಿಂದ. ಚದರ ಅಡಿ ಲೆಕ್ಕದಲ್ಲಿ ಹಲವು ಪಟ್ಟು ಬಾಡಿಗೆ, ವ್ಯಾಪಾರ ಒಂದು ಮಿತಿ ದಾಟಿದರೆ ಅದರಲ್ಲೊಂದು ಪಾಲು, ಜೊತೆಗೆ ದೀಪ, ಕಸ, ಕಾವಲು, ಹಿಮ ತೆಗೆಯುವ ಖರ್ಚಿನ ಹಂಚಿಕೆ. ಇವೆಲ್ಲವನ್ನೂ ಸಣ್ಣ ವ್ಯಾಪಾರಿ ಕೊಡುವುದು ಆ್ಯಂಕರ್ ಕರೆತರುವ ಜನಜಂಗುಳಿಯನ್ನು ನಂಬಿ.

ಆ ನಂಬಿಕೆಯನ್ನು ಅವನು ಬರಹದಲ್ಲಿಯೇ ಪಡೆದಿರುತ್ತಾನೆ. ಇಂತಿಷ್ಟು ಆ್ಯಂಕರ್‌ಗಳು ಮುಚ್ಚಿದರೆ, ಅಥವಾ ಮಾಲ್ ಇಂತಿಷ್ಟು ಪಾಲು ಖಾಲಿಯಾದರೆ, ತನ್ನ ಬಾಡಿಗೆ ಇಳಿಯತಕ್ಕದ್ದು ಅಥವಾ ತಾನು ಅವಧಿಗೆ ಮುನ್ನವೇ ಬಿಟ್ಟುಹೋಗಬಹುದು ಎಂಬ ಷರತ್ತು ಅಲ್ಲಿನ ಕರಾರುಗಳಲ್ಲಿ ಸಾಮಾನ್ಯ. ಒಳ್ಳೆಯ ದಿನಗಳಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಒಂದು ಆ್ಯಂಕರ್ ಹೋದ ದಿನ ಹತ್ತು ಮಳಿಗೆಗಳ ಬಾಡಿಗೆ ಒಟ್ಟಿಗೆ ಇಳಿಯುತ್ತದೆ. ಬಾಡಿಗೆ ಇಳಿದಾಗ ಮಾಲೀಕ ಛಾವಣಿಯ ದುರಸ್ತಿಯನ್ನು ಮುಂದೂಡುತ್ತಾನೆ, ಕಾವಲಿನವರನ್ನು ಕಡಿಮೆ ಮಾಡುತ್ತಾನೆ. ಸೋರುವ, ಮಂಕಾದ ಮಾಲ್‌ಗೆ ಜನ ಬರುವುದು ಇನ್ನೂ ಕಡಿಮೆಯಾಗಿ, ಮತ್ತೆ ಹತ್ತು ಮಳಿಗೆಗಳು ಷರತ್ತನ್ನು ತೋರಿಸಿ ಹೊರಡುತ್ತವೆ.

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಒಂದು ದೊಡ್ಡ ಜವಳಿ ಅಂಗಡಿ ಮುಚ್ಚಿತೆಂದು ಪಕ್ಕದ ಪಾತ್ರೆ ಅಂಗಡಿಯವನು ಕರಾರು ಹರಿದು ಹೊರಡುವುದಿಲ್ಲ. ಇಬ್ಬರ ಕಟ್ಟಡದ ಮಾಲೀಕರೂ ಬೇರೆ, ಕರೆಂಟಿನ ಮೀಟರೂ ಬೇರೆ. ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಮರುದಿನ ಇನ್ನಾರೋ ಪ್ಲಾಸ್ಟಿಕ್ ಸಾಮಾನು ಹರಡಿಕೊಂಡು ಕುಳಿತಿರುತ್ತಾನೆ. ಮಾಲ್‌ನಲ್ಲಿ ಬೀದಿಯ ದೀಪವೂ ಒಬ್ಬನ ಬಿಲ್ಲಿಗೇ ಸೇರಿದ್ದು.

ಓಹಿಯೊದಲ್ಲಿ ನಡೆದದ್ದು ಅಕ್ಷರಶಃ ಇದೇ. ಹಳೆಯ ಸ್ಥಳೀಯ ಹೆಸರುಗಳು ಒಂದೊಂದಾಗಿ ದೊಡ್ಡ ಕಂಪನಿಗಳಲ್ಲಿ ಕರಗಿದವು. ಕ್ಲೀವ್‌ಲ್ಯಾಂಡಿನ ಹಿಗ್ಬೀಸ್ 1992ರಲ್ಲಿ ಡಿಲ್ಲರ್ಡ್ಸ್ ಆಯಿತು. ಓನೀಲ್ಸ್ ಹಲವು ಕೈ ಬದಲಾಗಿ ಕೊನೆಗೆ ಮೇಸೀಸ್ ಆಯಿತು. ವಿಲೀನವಾದ ಕಂಪನಿಗೆ ಒಂದೇ ಪ್ರದೇಶದಲ್ಲಿ ಅಷ್ಟೊಂದು ಅಂಗಡಿಗಳು ಬೇಕಿರಲಿಲ್ಲ. ದುರ್ಬಲವಾದವನ್ನು ಮೊದಲು ಕೈಬಿಟ್ಟವು. 2000ದ ದಶಕದ ಆರಂಭದಲ್ಲೇ ರ್‍ಯಾಂಡಲ್ ಪಾರ್ಕ್ ತನ್ನ ಆ್ಯಂಕರ್‌ಗಳನ್ನು ಕಳೆದುಕೊಳ್ಳತೊಡಗಿತು. ಖಾಲಿಯಾದ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ಕಟ್ಟಡಕ್ಕೆ ಬೈಕ್ ರಿಪೇರಿ ಕಲಿಸುವ ಶಾಲೆ ಬಂತು. ರೋಲಿಂಗ್ ಏಕರ್ಸ್‌ನಿಂದ 2006ರಲ್ಲಿ ಟಾರ್ಗೆಟ್ ಮತ್ತು ಡಿಲ್ಲರ್ಡ್ಸ್, 2008ರಲ್ಲಿ ಮೇಸೀಸ್ ಹೊರನಡೆದವು.

ಕೊನೆಯ ವರ್ಷಗಳಲ್ಲಿ ರೋಲಿಂಗ್ ಏಕರ್ಸ್‌ನ ಒಡೆತನ ದೂರದ ಹೂಡಿಕೆದಾರರ ಕೈಯಿಂದ ಕೈಗೆ ದಾಟಿತು. 2008ರಲ್ಲಿ ಮಾಲ್‌ನ ಒಳಹಾದಿ ಮುಚ್ಚಿದ ಮೇಲೂ ಸಿಯರ್ಸ್ 2011ರವರೆಗೆ, ಜೆ.ಸಿ. ಪೆನ್ನಿಯ ರಿಯಾಯಿತಿ ಮಳಿಗೆ 2013ರವರೆಗೆ ವ್ಯಾಪಾರ ನಡೆಸಿದವು. ಹೊರಬಾಗಿಲಿನಿಂದ ಬಂದು ಅಂಗಿ ಕೊಳ್ಳುತ್ತಿದ್ದ ಗಿರಾಕಿಗೂ, ಒಳಗೆ ಹಿಮ ಬೀಳುತ್ತಿದ್ದ ಹಾದಿಗೂ ನಡುವೆ ಇದ್ದದ್ದು ಒಂದು ಮುಚ್ಚಿದ ಬಾಗಿಲು ಮಾತ್ರ.

ಚೌಕ ಯಾರದು?

ಇಷ್ಟು ಜನ ಇಷ್ಟೊಂದು ಪ್ರೀತಿಸಿದ ಜಾಗವನ್ನು ಊರವರು ಉಳಿಸಿಕೊಳ್ಳಲಾಗಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಕಾನೂನಿನಲ್ಲಿದೆ. ನೋಡಲು ಊರಿನ ಚೌಕದಂತಿದ್ದರೂ ಮಾಲ್ ಖಾಸಗಿ ಆಸ್ತಿ. ರ್‍ಯಾಂಡಲ್ ಪಾರ್ಕ್ ತೆರೆದ 1976ರಲ್ಲಿಯೇ ಅಮೆರಿಕದ ಸುಪ್ರೀಂ ಕೋರ್ಟ್ ‘ಹಜನ್ಸ್’ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಮಾಲ್‌ನೊಳಗೆ ಫಲಕ ಹಿಡಿದು ನಿಂತ ಮುಷ್ಕರನಿರತ ಕಾರ್ಮಿಕರಿಗೆ, ಬೀದಿಯಲ್ಲಿ ನಿಂತವರಿಗೆ ಸಂವಿಧಾನ ಕೊಡುವ ವಾಕ್ ಸ್ವಾತಂತ್ರ್ಯದ ರಕ್ಷಣೆ ಸಿಗದು ಎಂಬುದು ಅದರ ಸಾರ. ನಡೆಯಲು ಬರುತ್ತಿದ್ದ ವೃದ್ಧರು, ಗೆಳೆಯರಿಗಾಗಿ ಕಾಯುತ್ತಿದ್ದ ಹುಡುಗರು, ಎಲ್ಲರೂ ಮಾಲೀಕನ ಅನುಮತಿಯ ಮೇಲೆ ಅಲ್ಲಿದ್ದವರು.

ಭಾರತದ ಮಾಲ್‌ಗಳ ಕಥೆಯ ಮೊದಲ ಪುಟದಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. 1999ರಲ್ಲಿ ಮುಂಬಯಿಯಲ್ಲಿ ‘ಕ್ರಾಸ್‌ರೋಡ್ಸ್’ ಮಾಲ್ ತೆರೆದಾಗ, ನುಗ್ಗಿಬಂದ ಜನರನ್ನು ಕಂಡು ಕಂಗಾಲಾದ ಆಡಳಿತ, ಮೊಬೈಲ್ ಫೋನನ್ನೋ ಕ್ರೆಡಿಟ್ ಕಾರ್ಡನ್ನೋ ತೋರಿಸಿದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ತಂದಿತ್ತು. ಎರಡೂ ಇಲ್ಲದವರಿಗೆ 60 ರೂಪಾಯಿ ಶುಲ್ಕ. ಮೊಬೈಲ್ ಶ್ರೀಮಂತಿಕೆಯ ಗುರುತಾಗಿದ್ದ ಕಾಲವದು.

ಬೆಂಗಳೂರಿನ ಕೋರಮಂಗಲದಲ್ಲಿ 2004ರಲ್ಲಿ ತೆರೆದ ‘ಫೋರಂ’ ಇಂದು ಬೇರೆ ಹೆಸರಿನಲ್ಲಿ ಜನರಿಂದ ತುಂಬಿಯೇ ಇದೆ. ಆದರೆ ಭಾರತದಲ್ಲಿಯೂ ಬಿಕೋ ಎನ್ನುವ ಮಾಲ್‌ಗಳು ಹೆಚ್ಚುತ್ತಿವೆ. ಆಸ್ತಿ ಸಲಹಾ ಸಂಸ್ಥೆ ನೈಟ್ ಫ್ರ್ಯಾಂಕ್ ಶೇಕಡ 40ಕ್ಕಿಂತ ಹೆಚ್ಚು ಖಾಲಿಯಿರುವ ಮಾಲ್‌ಗಳನ್ನು ‘ಭೂತ ಮಾಲ್’ ಎಂದು ಗುರುತಿಸುತ್ತದೆ. 2024ರ ಅದರ ವರದಿಯ ಪ್ರಕಾರ ದೇಶದ ಎಂಟು ಮಹಾನಗರಗಳಲ್ಲಿ 2023ರಲ್ಲಿ ಇಂತಹ 64 ಮಾಲ್‌ಗಳಿದ್ದವು. ಹಿಂದಿನ ವರ್ಷ 57. ಒಟ್ಟು ಜಾಗ 1.33 ಕೋಟಿ ಚದರ ಅಡಿ. ದೆಹಲಿ ವಲಯ ಮೊದಲ ಸ್ಥಾನದಲ್ಲಿದ್ದು, ಬೆಂಗಳೂರಿನ ಪಾಲು ಸುಮಾರು 20 ಲಕ್ಷ ಚದರ ಅಡಿ.

ಇಲ್ಲಿನ ಕಾಯಿಲೆ ಅಮೆರಿಕದ್ದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ನಮ್ಮಲ್ಲಿ ಅನೇಕ ನಿರ್ಮಾಪಕರು ಮಾಲ್ ಕಟ್ಟುವ ಮೊದಲೇ ಒಂದೊಂದು ಅಂಗಡಿಯನ್ನೂ ಒಬ್ಬೊಬ್ಬ ಹೂಡಿಕೆದಾರನಿಗೆ ಫ್ಲ್ಯಾಟಿನಂತೆ ಮಾರಿ ಹಣ ಎತ್ತಿದರು. ನಿವೃತ್ತಿಯ ಗಂಟನ್ನು ತಂದು ಹಾಕಿದವರೂ ಅವರಲ್ಲಿದ್ದರು. ಮಾಲ್ ತೆರೆದ ಮೇಲೆ ಯಾವ ಮಹಡಿಯಲ್ಲಿ ಯಾವ ಅಂಗಡಿ ಇರಬೇಕೆಂದು ನಿರ್ಧರಿಸುವವರೇ ಇಲ್ಲ. ನೂರು ಮಾಲೀಕರಲ್ಲಿ ಮೂವತ್ತು ಮಂದಿ ನಿರ್ವಹಣಾ ಶುಲ್ಕ ಕಟ್ಟದಿದ್ದರೆ ಎಸಿ ನಿಲ್ಲುತ್ತದೆ, ಆಮೇಲೆ ಲಿಫ್ಟು. ಅಲ್ಲಿ ಎಲ್ಲವೂ ಒಬ್ಬನದಾಗಿ ಕೆಟ್ಟಿತು, ಇಲ್ಲಿ ಯಾರದೂ ಅಲ್ಲದೆ ಕೆಟ್ಟಿತು. ಹೊಸ ಮಾಲ್‌ನಲ್ಲಿ ‘ಖಚಿತ ಬಾಡಿಗೆ’ಯ ಜಾಹೀರಾತು ನೋಡಿ ಅಂಗಡಿ ಕೊಳ್ಳಲು ಹೊರಟಿರುವವರು ಮೊದಲು ಕೇಳಬೇಕಾದದ್ದು ಒಂದನ್ನೇ: ಉಳಿದ ಅಂಗಡಿಗಳು ಯಾರ ಹೆಸರಿನಲ್ಲಿವೆ, ಬೀದಿಯ ದೀಪದ ಬಿಲ್ ಯಾರು ಕಟ್ಟುತ್ತಾರೆ?

ಈಗ ಅಲ್ಲೇನಿದೆ

ರ್‍ಯಾಂಡಲ್ ಪಾರ್ಕ್ ಮಾಲನ್ನು 2014ರ ಕೊನೆಯಿಂದ ಕೆಡವಲು ಆರಂಭಿಸಲಾಯಿತು. ರೋಲಿಂಗ್ ಏಕರ್ಸ್ ತೆರಿಗೆ ಬಾಕಿಯ ಕಾರಣಕ್ಕೆ 2016ರಲ್ಲಿ ಆ್ಯಕ್ರನ್ ನಗರಾಡಳಿತದ ವಶಕ್ಕೆ ಬಂತು; ಅದೇ ವರ್ಷ ಕೆಡವುವ ಕೆಲಸವೂ ಆರಂಭವಾಯಿತು. ಅಮೆಜಾನ್ ಈ ಜಾಗಗಳನ್ನು ಆರಿಸಿಕೊಂಡಿದ್ದಕ್ಕೆ ಸೇಡು, ವ್ಯಂಗ್ಯ ಯಾವುದೂ ಕಾರಣವಲ್ಲ. ಮಾಲ್ ಕಟ್ಟಿದವರು ಆರಿಸಿಕೊಂಡಿದ್ದ ಕಾರಣವೇ: ಹೆದ್ದಾರಿಗಳು ಕೂಡುವ ಜಾಗ, ವಿಶಾಲವಾದ ಸಮತಟ್ಟು ನೆಲ, ಆಗಲೇ ಎಳೆದಿರುವ ವಿದ್ಯುತ್ ಮತ್ತು ನೀರಿನ ಮಾರ್ಗ. ನಾರ್ತ್ ರ್‍ಯಾಂಡಲ್‌ನ ಗೋದಾಮು 2018ರಲ್ಲಿ, ಆ್ಯಕ್ರನ್ನಿನದು 2020ರಲ್ಲಿ ತೆರೆಯಿತು. ಇವೆರಡರ ನಡುವೆ, 2019ರಲ್ಲಿ, ಹತ್ತಿರದ ಯೂಕ್ಲಿಡ್‌ನಲ್ಲಿ ಮೂರನೆಯ ಹಳೆಯ ಮಾಲ್‌ನ ಜಾಗವೂ ಅಮೆಜಾನ್ ಗೋದಾಮಾಯಿತು.

ಓಹಿಯೊದಲ್ಲಿ ಊರಾಡಳಿತಗಳು ತಾವೇ ಆದಾಯ ತೆರಿಗೆ ವಿಧಿಸುತ್ತವೆ. ಕೆಲಸಗಾರ ಎಲ್ಲಿ ವಾಸಿಸಿದರೂ ಕೆಲಸ ಮಾಡುವ ಊರಿಗೆ ಅದು ಸಲ್ಲುತ್ತದೆ. ಸಾವಿರ ಜನರ ಹಳ್ಳಿಯೊಂದು ಮೊದಲು ಮಾಲ್‌ಗೆ, ಆಮೇಲೆ ಗೋದಾಮಿಗೆ ಏಕೆ ಅಷ್ಟು ಹಂಬಲಿಸಿತು ಎಂಬುದು ಇದರಿಂದ ಅರ್ಥವಾಗುತ್ತದೆ. ಮಾಲ್ ಮುಚ್ಚಿದ ವರ್ಷಗಳಲ್ಲಿ ಆ ಗ್ರಾಮ ಕಳೆದುಕೊಂಡದ್ದು ನೆನಪನ್ನಷ್ಟೇ ಅಲ್ಲ, ಪೊಲೀಸರ ಮತ್ತು ಅಗ್ನಿಶಾಮಕರ ಸಂಬಳದ ಮೂಲವನ್ನೂ.

ಇಲ್ಲೊಂದು ವಿಚಿತ್ರವನ್ನು ಗಮನಿಸಬಹುದು. ಎರಡೂ ಮಾಲ್‌ಗಳ ಕೊನೆಯ ಆ್ಯಂಕರ್‌ಗಳಲ್ಲಿ ಒಂದಾಗಿದ್ದ ಸಿಯರ್ಸ್ ಮೂಲತಃ ಅಂಚೆಯ ಮೂಲಕ ಸಾಮಾನು ಕಳಿಸುತ್ತಿದ್ದ ಕಂಪನಿ. ಅದರ ದಪ್ಪನೆಯ ಕ್ಯಾಟಲಾಗ್ ಒಂದು ಕಾಲಕ್ಕೆ ಅಮೆರಿಕದ ಹಳ್ಳಿಹಳ್ಳಿಯ ಮನೆಗಳಲ್ಲಿತ್ತು. ನಷ್ಟವೆಂದು ಅದನ್ನು ನಿಲ್ಲಿಸಿದ್ದು 1993ರಲ್ಲಿ. ಅಮೆಜಾನ್ ಸ್ಥಾಪನೆಯಾದದ್ದು 1994ರಲ್ಲಿ. ನಾರ್ತ್ ರ್‍ಯಾಂಡಲ್‌ನಲ್ಲಿ ಗೋದಾಮು ತೆರೆದ 2018ರ ಅಕ್ಟೋಬರಿನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು.

ಗ್ರೂಯನ್‌ನ ಮೊದಲ ಕೂಸಾದ ಸೌತ್‌ಡೇಲ್ ಮಾತ್ರ ಇನ್ನೂ ಬದುಕಿದೆ. ಮುಚ್ಚಿದ ಡಿಪಾರ್ಟ್‌ಮೆಂಟ್ ಸ್ಟೋರಿನ ಜಾಗದಲ್ಲಿ ವ್ಯಾಯಾಮಶಾಲೆ, ಪಾರ್ಕಿಂಗ್ ಇದ್ದ ಕಡೆ ಬಾಡಿಗೆ ಮನೆಗಳು ಬಂದಿವೆ. 1950ರ ದಶಕದ ಅವನ ನಕ್ಷೆಯಲ್ಲಿ ಮಾಲ್‌ನ ಸುತ್ತ ಜನವಸತಿ ಇತ್ತು ಎಂಬುದು ಆರು ದಶಕಗಳ ನಂತರ ಮಾಲೀಕರಿಗೆ ನೆನಪಾದಂತಿದೆ.

ನಾರ್ತ್ ರ್‍ಯಾಂಡಲ್‌ನ ಗೋದಾಮಿಗೆ ಅಂಗಡಿ ಕಿಟಕಿಗಳಿಲ್ಲ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಅದರ ಪಾರ್ಕಿಂಗ್ ಜಾಗ ಮತ್ತೆ ಕಾರುಗಳಿಂದ ತುಂಬುತ್ತದೆ. ರ್‍ಯಾಂಡಲ್ ಪಾರ್ಕಿನಲ್ಲಿ ನಡೆಯುತ್ತಿದ್ದ ವೃದ್ಧರಲ್ಲಿ ಉಳಿದವರು ಚಳಿಗಾಲದಲ್ಲಿ ನಡೆಯಬೇಕೆಂದರೆ ಬೀಚ್‌ವುಡ್‌ವರೆಗೆ ಹೋಗಬೇಕು.